ತಿರುವಿ ನೋಡದ ಮೂರು ಎಲೆ

"ಅಜ್ಜಾರೇ, ಬಿಟ್ಟುಬಂದದ್ದು ಹೇಗಿರುತ್ತಿತ್ತು ಎಂದು ಒಮ್ಮೆ ತಿಳಿದುಕೊಳ್ಳಬೇಕು ಅನ್ನಿಸುವುದು ತಪ್ಪೇ?"

ಕೇಳಿದವನು ಗದಿಗೆಯ್ಯ. ಅವನು ಮಠ ಸೇರಿ ಹನ್ನೊಂದು ವರ್ಷವಾಗಿತ್ತು. ಸೇರುವ ಮುಂಚೆ ಕಸ್ತೂರಿ ಎಂಬವಳೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಒಲ್ಲೆ ಎಂದು ಎದ್ದು ಬಂದವನು ಅವನೇ; ಯಾರೂ ಅಟ್ಟಿರಲಿಲ್ಲ. ಅವಳಿಗೆ ಬೇರೆ ಕಡೆ ಮದುವೆಯಾಗಿ, ಎರಡು ಮಕ್ಕಳಾಗಿ, ಪಕ್ಕದ ತಾಲೂಕಿನಲ್ಲಿ ಚೆನ್ನಾಗಿದ್ದಾಳೆ ಎಂದು ಯಾರೋ ಹೇಳಿದ್ದರು. ಚೆನ್ನಾಗಿದ್ದಾಳೆ ಎಂಬ ಮಾತೇ ಅವನಿಗೆ ಮುಳ್ಳಾಗಿತ್ತು. ಪೂಜೆಗೆ ಕೂತರೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ ಯೋಚನೆ.

"ಎರಡು ದಿನ ಅಪ್ಪಣೆ ಕೊಡಿ," ಎಂದ. "ಹೋಗಿ ಅವಳನ್ನು ಒಂದೇ ಮಾತು ಕೇಳಿ ಬರುತ್ತೇನೆ. ನಾನು ಬಿಟ್ಟು ಬಾರದಿದ್ದರೆ ನಾವಿಬ್ಬರೂ ಸುಖವಾಗಿರುತ್ತಿದ್ದೆವೇ ಎಂದು. ಹೌದು ಅನ್ನಲಿ, ಇಲ್ಲ ಅನ್ನಲಿ, ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತದೆ."

ಮಠದ ಹಿರಿಯರಾದ ಅಜ್ಜನವರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೂಡು. ಒಂದು ಇಸ್ಪೀಟಿನ ಕತೆ ಹೇಳುತ್ತೇನೆ. ಮಠದಲ್ಲಿ ಕೂತು ಇಸ್ಪೀಟಿನ ಮಾತೇ ಎಂದು ಹುಬ್ಬು ಏರಿಸಬೇಡ. ನೀನು ತಂದದ್ದೂ ಮೋಕ್ಷದ ಪ್ರಶ್ನೆಯೇನಲ್ಲ."

ಗದಿಗೆಯ್ಯ ತಲೆ ತಗ್ಗಿಸಿ ಕೂತ. ಅಜ್ಜನವರು ಹೇಳತೊಡಗಿದರು.

ಒಂದೂರಿನಲ್ಲಿ ಬಟ್ಟೆ ಹೊಲಿಯುವ ಸಿಂಪಿಗನೊಬ್ಬನಿದ್ದ. ಕೆಲಸದಲ್ಲಿ ಗಟ್ಟಿಗ. ಕಣ್ಣಳತೆಯಲ್ಲೇ ಅಂಗಿ ಕತ್ತರಿಸುವವನು. ಆದರೆ ಅವನ ಜೀವವೆಲ್ಲ ಭಾನುವಾರದ ಮಧ್ಯಾಹ್ನದ ಮೇಲೆ. ಅಂದು ಹಳೆಯ ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಜನ ಕೂತು ಮೂರೆಲೆ ಆಡುತ್ತಿದ್ದರು. ದುಡ್ಡು ಕಾಸು ಏನೂ ಇಲ್ಲ. ಪಣಕ್ಕೆ ಹುಣಸೆ ಬೀಜ. ಆಟ ಮುಗಿದ ಮೇಲೆ ಬೀಜವನ್ನೆಲ್ಲ ಡಬ್ಬಿಗೆ ಸುರಿದು ಎದ್ದು ಹೋಗುವುದು. ಹುಣಸೆ ಬೀಜಕ್ಕೆ ಯಾರಾದರೂ ನಿದ್ದೆ ಕೆಡಿಸಿಕೊಳ್ಳುತ್ತಾರೆಯೇ ಎನ್ನಬೇಡ. ಮನುಷ್ಯ ಅದಕ್ಕಿಂತ ಸಣ್ಣದಕ್ಕೂ ಕೆಡಿಸಿಕೊಳ್ಳುತ್ತಾನೆ.

ಆಟ ಸರಳ. ಒಬ್ಬೊಬ್ಬರಿಗೆ ಮೂರು ಎಲೆ; ಆ ಮೂರಕ್ಕೆ ಕೈ ಎನ್ನುತ್ತಾರೆ. ನನ್ನ ಕೈ ದೊಡ್ಡದು ಎನ್ನುವವನು ಬೀಜ ಮುಂದೆ ನೂಕುತ್ತಾನೆ. ಎದುರಿನವನೂ ಅಷ್ಟೇ ಬೀಜ ನೂಕಿದರೆ ಇಬ್ಬರೂ ಎಲೆ ಬಿಚ್ಚಿ ತೋರಿಸಬೇಕು. ದೊಡ್ಡದಿದ್ದವನಿಗೆ ರಾಶಿ. ಎದುರಿನವನು ಹೆದರಿ ತನ್ನ ಎಲೆ ಮಗುಚಿ ಇಟ್ಟುಬಿಟ್ಟನೋ, ರಾಶಿ ನೂಕಿದವನದೇ. ಆಗ ಅವನು ಯಾರಿಗೂ ಎಲೆ ತೋರಿಸಬೇಕಾಗಿಲ್ಲ. ಗಿರಣಿಯಲ್ಲಿ ಇದೊಂದು ಕಟ್ಟುನಿಟ್ಟು: ಬೀಜ ಇಡದೆ ಬಿಟ್ಟವನು ಎದುರಿನವನ ಎಲೆಗೆ ಕೈ ಹಾಕಬಾರದು.

ಆ ನಾಲ್ವರಲ್ಲಿ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರ. ಗೆದ್ದರೂ ಅದೇ ಮುಖ, ಸೋತರೂ ಅದೇ ಮುಖ. ಮಾತು ಮೊದಲೇ ಕಡಿಮೆ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಬಹಳ ಹಿಂದೆ ಒಬ್ಬ ಆಟಗಾರನಿಗೆ ಮಾತ್ರ "ನಿನಗೆ ಆಟ ಬರುತ್ತದೆ" ಎಂದಿದ್ದನಂತೆ. ಆ ಮನುಷ್ಯ ಸಾಯುವತನಕ ಅದನ್ನೇ ಹೇಳಿಕೊಂಡು ತಿರುಗಿದನಂತೆ. ನಮ್ಮ ಸಿಂಪಿಗನಿಗೂ ಆ ಮಾತು ಬೇಕಿತ್ತು. ಅವನ ಹೊಲಿಗೆಯನ್ನು ಊರೇ ಹೊಗಳಿದರೆ ಹೂಂ ಎಂದು ಸುಮ್ಮನಾಗುತ್ತಿದ್ದ. ಮಾಸ್ತರನ ಬಾಯಿಂದ ಆ ಮೂರು ಪದ ಒಮ್ಮೆ ಬೀಳಲಿ ಎಂದು ಜೀವ ಬಿಡುತ್ತಿದ್ದ.

ಅದಕ್ಕಾಗಿ ಅವನು ಪಟ್ಟ ಪಾಡು ಕೇಳು. ಕತ್ತರಿಸುವ ಮೇಜಿನ ನಾಲ್ಕು ಮೂಲೆಗೆ ಎಲೆ ಹಾಕಿ, ನಾಲ್ವರ ಪರವಾಗಿ ತಾನೊಬ್ಬನೇ ಆಡುತ್ತಿದ್ದ. ಯಾವ ಕೈ ಎಷ್ಟು ಸಲಕ್ಕೊಮ್ಮೆ ಬರುತ್ತದೆ, ಯಾರು ಎಂಥ ಎಲೆಗೆ ಎಷ್ಟು ಬೀಜ ನೂಕುತ್ತಾರೆ, ಎಲ್ಲವನ್ನೂ ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದ. ಈ ಗದ್ದಲದಲ್ಲಿ ಒಬ್ಬ ಮದುಮಗನ ಕೋಟಿಗೆ ಒಂದು ತೋಳು ಗಿಡ್ಡವಾಯಿತು, ಅದಿರಲಿ. ಹೋದ ವಾರ ಮಾಡಿದ ತಪ್ಪನ್ನು ಈ ವಾರ ಮಾಡುತ್ತಿರಲಿಲ್ಲ, ಹೊಸದೊಂದು ಮಾಡುತ್ತಿದ್ದ. ಕಲಿಯುವುದೆಂದರೆ ಅಷ್ಟೇ ತಾನೆ. ಮೂರು ವರ್ಷದಲ್ಲಿ ಉಳಿದಿಬ್ಬರು ಅವನಿಗೆ ಸಾಟಿಯಾಗದೆ ಹೋದರು. ಮಾಸ್ತರನೊಬ್ಬ ಉಳಿದ.

ಒಂದು ಭಾನುವಾರ ಸಿಂಪಿಗನ ಕೈಗೆ ಎರಡು ರಾಜ ಬಂದವು, ಜೊತೆಗೊಂದು ಒಂಬತ್ತು. ಒಳ್ಳೆಯ ಕೈಯೇ. ಅದನ್ನು ಮೀರಿಸುವ ಕೈಗಳೂ ಇಲ್ಲದಿಲ್ಲ. ಉಳಿದಿಬ್ಬರು ಎಲೆ ಮಗುಚಿಟ್ಟರು. ಮಾಸ್ತರ ತನ್ನ ಮುಂದಿದ್ದ ಬೀಜವನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ನೂಕಿದ.

ಮೂರು ವರ್ಷದಲ್ಲಿ ಮಾಸ್ತರ ಹಾಗೆ ನೂಕಿದ್ದು ನಾಲ್ಕೇ ಸಲ. ನಾಲ್ಕೂ ಸಲ ಅವನದು ಭಾರೀ ಕೈ. ಪುಸ್ತಕದಲ್ಲಿ ಬರೆದಿತ್ತು. ಸಿಂಪಿಗ ತನ್ನ ಎಲೆಗಳನ್ನು ನೋಡಿದ, ಮನಸ್ಸಿನಲ್ಲೇ ಲೆಕ್ಕ ಹಾಕಿದ, ಮತ್ತೆ ಎಲೆಗಳನ್ನು ನೋಡಿದ. ಕಲಿಯದವನಾಗಿದ್ದರೆ ಎರಡು ರಾಜ ಕಂಡ ಕೂಡಲೇ ಬೀಜ ನೂಕಿಬಿಡುತ್ತಿದ್ದ. ನಾನು ಕಲಿತವನು, ಬಿಡುವುದೂ ಆಟವೇ ಎಂದುಕೊಂಡು ರಾಜರನ್ನು ಮಗುಚಿಟ್ಟ. ಇಟ್ಟು ತಲೆ ಎತ್ತಿ ಮಾಸ್ತರನ ಬಾಯಿ ನೋಡಿದ. ಮಾಸ್ತರ ತನ್ನ ಮೂರು ಎಲೆಗಳನ್ನು ಕಟ್ಟಿನೊಳಗೆ ತೂರಿಸಿ ಕಲೆಸತೊಡಗಿದ.

ಸಿಂಪಿಗನಿಗೆ ತಡೆಯಲಾಗಲಿಲ್ಲ. "ಮಾಸ್ತರೇ, ಏನಿತ್ತು?"

"ನೋಡಬೇಕಿದ್ದರೆ ಬೀಜ ಇಡಬೇಕಿತ್ತು," ಎಂದ ಮಾಸ್ತರ.

ಅಲ್ಲಿಗೆ ಸಿಂಪಿಗನ ನೆಮ್ಮದಿ ಹೋಯಿತು. ಮಾಸ್ತರನದು ದೊಡ್ಡ ಕೈಯಾಗಿದ್ದರೆ, ಎರಡು ರಾಜರನ್ನು ಬಿಟ್ಟ ನಾನು ನಿಜವಾದ ಆಟಗಾರ. ಬರೀ ಬೆದರಿಕೆಯಾಗಿದ್ದರೆ, ನಾನೊಬ್ಬ ಹೆದರುಪುಕ್ಕಲ. ಎರಡರಲ್ಲಿ ಯಾವುದು ಎಂಬುದು ಆ ಮೂರು ಎಲೆಯಲ್ಲಿತ್ತು. ಆ ಎಲೆ ಕಟ್ಟಿನೊಳಗೆ ಬೆರೆತುಹೋಗಿತ್ತು.

ಇನ್ನೊಮ್ಮೆ ಹೀಗಾಗಬಾರದು ಎಂದು ಮುಂದಿನ ವಾರದಿಂದ ಅವನು ಯಾರ ಎಲೆಯನ್ನೂ ನೋಡದೆ ಬಿಡಲಿಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೂ ಬೀಜ ನೂಕಿ, ಎಲ್ಲಿ ತೋರಿಸಿ ಎನ್ನುತ್ತಿದ್ದ. ಎಲ್ಲರೂ ತೋರಿಸಿದರು, ತೋರಿಸಿ ತೋರಿಸಿ ಅವನ ಬೀಜ ಗುಡಿಸಿಕೊಂಡರು. ಮೂರು ವರ್ಷ ಕಲಿತದ್ದು ಮೂರು ತಿಂಗಳಲ್ಲಿ ಹಾಳಾಯಿತು. ಉಳಿದಿಬ್ಬರು ಪಾಪ, ಅವನಿಗೆ ಏನಾಯಿತೋ ಎಂದು ನೊಂದುಕೊಂಡೇ ಗೆದ್ದರು. ಅವನು ಗೆಲ್ಲಲು ಕೂತಿರಲಿಲ್ಲ. ಆ ಒಂದು ಕೈ ಮತ್ತೆ ಬರಲಿ ಎಂದು ಕೂತಿದ್ದ.

ಮಾಸ್ತರನ ಮೊಣಕಾಲು ಸೋತು ಅವನು ಗಿರಣಿಗೆ ಬರುವುದು ನಿಂತಿತು. ಆಮೇಲೆ ಆಟವೇ ನಿಂತಿತು. ಆದರೆ ಸಿಂಪಿಗನೊಳಗೆ ನಿಲ್ಲಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಆ ಮೂರು ಎಲೆ ನೆನಪಾಗುತ್ತಿದ್ದವು. ಒಂದು ದಿನ ಅವು ಮೂರು ಎಕ್ಕವಾಗುತ್ತಿದ್ದವು, ಅಂದು ಅವನು ಹಾಡು ಗುನುಗುತ್ತಾ ಹೊಲಿಯುತ್ತಿದ್ದ. ಮರುದಿನ ಅವೇ ಎರಡು, ನಾಲ್ಕು, ಏಳು ಆಗುತ್ತಿದ್ದವು, ಅಂದು ಅನ್ನ ಸೇರುತ್ತಿರಲಿಲ್ಲ. ನೋಡಿದ ಎಲೆಯನ್ನು ಮರೆಯಬಹುದು. ನೋಡದ ಎಲೆ ದಿನಕ್ಕೊಂದು ಬಣ್ಣವಾಗಿ ಬರುತ್ತದೆ. ಹೀಗೆ ಆರು ವರ್ಷ ಕಳೆಯಿತು.

ಮಾಸ್ತರ ಹಾಸಿಗೆ ಹಿಡಿದಿದ್ದಾನೆ, ಇನ್ನು ಹೆಚ್ಚು ದಿನವಿಲ್ಲ ಎಂದು ಸುದ್ದಿ ಬಂತು. ಸಿಂಪಿಗ ಹೊಲಿಗೆ ಬಿಟ್ಟು ಎದ್ದುನಿಂತ. ನಿಜ ಹೇಳಬೇಕೆಂದರೆ ಮುದುಕ ಹೋಗುತ್ತಾನಲ್ಲ ಎಂದಲ್ಲ, ಆ ಎಲೆಗಳನ್ನೂ ತೆಗೆದುಕೊಂಡು ಹೋಗಿಬಿಡುತ್ತಾನಲ್ಲ ಎಂದು. ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಮೆತ್ತನೆಯ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದ. ಬೆಳಿಗ್ಗೆಯೇ ಹೋಗಿ ಮಂಚದ ಪಕ್ಕ ಕೂತ. ಕ್ಷೇಮ ಸಮಾಚಾರ ಕೇಳುವಷ್ಟೂ ತಾಳ್ಮೆ ಇರಲಿಲ್ಲ.

"ಮಾಸ್ತರೇ, ಆ ದಿನ ನಿಮ್ಮ ಕೈಯಲ್ಲಿ ಏನಿತ್ತು?"

ಯಾವ ದಿನ ಎಂದು ಮಾಸ್ತರ ಕೇಳಲಿಲ್ಲ. "ನನಗೆ ಗೊತ್ತಿಲ್ಲಪ್ಪ," ಎಂದ.

"ಮರೆತಿರಾ?"

"ನೋಡಿದ್ದರೆ ತಾನೆ ಮರೆಯುವುದು. ಅಂದು ನಾನು ಎಲೆ ಎತ್ತಿಕೊಂಡೆ, ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ನಿನಗೆ ಆಟ ಬರುತ್ತಿತ್ತು. ನಾನು ಎಲೆ ನೋಡಿ ಆಡಿದ್ದರೆ ನೀನು ನನ್ನ ಮುಖ ಓದಿಬಿಡುತ್ತಿದ್ದೆ. ನೋಡದವನ ಮುಖದಲ್ಲಿ ಏನನ್ನು ಓದುತ್ತೀ? ಅದಕ್ಕೇ ನೋಡದೆ ಎಲ್ಲ ಬೀಜ ನೂಕಿದೆ. ನೀನು ನಿನ್ನ ಎಲೆಯಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ, ನಾನು ಎಲೆ ಬಿಚ್ಚಿಯೇ ಇಲ್ಲ ಎಂದು ಕಾಣುತ್ತಿತ್ತು."

ಒಂಬತ್ತು ವರ್ಷ ಕಾದ ಮಾತು ಸಿಂಪಿಗನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅವನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಕಲೆಸುವ ಮುಂಚೆ ಒಮ್ಮೆ ತಿರುವಿ ನೋಡಬೇಕಿತ್ತಲ್ಲ ಮಾಸ್ತರೇ," ಎಂದ.

"ನೀವೆಲ್ಲ ನೋಡುತ್ತಿದ್ದಿರಿ. ತಿರುವಿದ್ದರೆ, ನೋಡದೆ ಆಡಿದ್ದು ಬಯಲಾಗುತ್ತಿತ್ತು. ಜಂಬ ಬಿಡಲಿಲ್ಲ. ಆಮೇಲೆ ನನಗೂ ಇದೇ ಹಂಬಲ. ಗೆದ್ದೆ, ಏನು ಹಿಡಿದು ಗೆದ್ದೆ ಎಂದು ಗೊತ್ತಿಲ್ಲ. ನೀನು ಏನನ್ನು ಬಿಟ್ಟೆ ಎಂದೂ ಗೊತ್ತಿಲ್ಲ. ನಿನ್ನ ಕೈಯಲ್ಲಿ ಏನಿತ್ತು?"

"ಎರಡು ರಾಜ."

ಮಾಸ್ತರ ಕಣ್ಣು ಮುಚ್ಚಿಕೊಂಡ. ಸಿಂಪಿಗನಿಗೆ ಅಲ್ಲಿಂದ ಏಳಲು ಆಗಲಿಲ್ಲ. ಆರು ವರ್ಷ ಅವನು ತಟ್ಟಿದ ಬಾಗಿಲಿನ ಒಳಗಡೆ ಯಾರೂ ಇರಲಿಲ್ಲ. ಕೊನೆಗೆ ತಂದ ಅಂಗಿ ನೆನಪಾಗಿ ಮುದುಕನಿಗೆ ತೊಡಿಸಿದ. ಮೈ ಕರಗಿಹೋಗಿತ್ತು, ಅಂಗಿ ಜೋತುಬಿತ್ತು. ಅಲ್ಲೇ ಕೂತು ಹೊಲಿಗೆ ಬಿಚ್ಚಿ ಬಿಗಿ ಮಾಡಿಕೊಟ್ಟು ಮನೆಗೆ ಹೋದ.

ಅಜ್ಜನವರು ಕತೆ ಮುಗಿಸಿ ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಂಡರು. ಕತೆ ಗದಿಗೆಯ್ಯನಿಗೆ ಅರ್ಥವಾಗಿತ್ತು. ಅರ್ಥವಾದ ಮೇಲೂ ಹೋಗಬೇಕೆಂಬ ಆಸೆ ಇದ್ದಲ್ಲೇ ಇತ್ತು. ಅದಕ್ಕೇ ಅವನಿಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು.

"ಹಾಗಾದರೆ ಹೋಗಬೇಡ ಎನ್ನುತ್ತೀರಾ, ಅಜ್ಜಾರೇ?"

ಅಜ್ಜನವರ ಕೈ ಮೊದಲ ಸಲ ನಿಂತಿತು.

"ಹೋಗಿ ಬಾ, ನಾನು ಬಿಟ್ಟುಬಂದವಳನ್ನು ನಾನೂ ಒಮ್ಮೆ ಹೋಗಿ ಕೇಳಿದ್ದೆ, ಅದನ್ನೇ ನನ್ನನ್ನು ಕೇಳಬೇಕೆಂದು ಅವಳು ಕಾದು ಕೂತಿದ್ದಳು."