ನಿರುಪಾದಯ್ಯನವರು ಸೆರಗು ಕೂಡಿಸಲು ಕುಳಿತದ್ದು

ಶ್ರೀ ನಿರುಪಾದಯ್ಯನವರು ಹಳ್ಳ ದಾಟಿದರೆ ಅವರ ಪಾದ ಒದ್ದೆಯಾಗುತ್ತಿರಲಿಲ್ಲ. ಮೊಣಕಾಲುದ್ದ ನೀರಿದ್ದರೂ ಅಷ್ಟೇ. ಇದನ್ನು ಕಣ್ಣಾರೆ ಕಂಡವರು ನಮ್ಮ ನೇಕಾರ ಓಣಿಯಲ್ಲಿ ಒಂಬತ್ತು ಮಂದಿ. ಎಂಟು ಮಂದಿ ಶಿವನ ಪಾದ ಸೇರಿದರು, ಒಂಬತ್ತನೆಯವನು ನಾನು. ಸುಳ್ಳು ಅನ್ನುವವರು ಆ ಎಂಟು ಮಂದಿಯನ್ನು ಎಬ್ಬಿಸಿ ಕೇಳಬೇಕು. ನಾನು ಸಾಲಿ ಕಲಿತವನಲ್ಲ. ಮೊನ್ನೆ ಅಮಾವಾಸ್ಯೆಗೆ ಅಯ್ಯನವರ ಗದ್ದುಗೆಯ ಮುಂದೆ ಕೂತವರಿಗೆ ಹೇಳಿದ್ದನ್ನೇ ಇಲ್ಲಿ ಬರೆಸುತ್ತಿದ್ದೇನೆ.

ಅಯ್ಯನವರು ನೂಲಿಗೆ ಬಣ್ಣ ಹಾಕುವ ಬಾವಿಯ ಪಕ್ಕದ ತಗಡಿನ ಕೋಣೆಯಲ್ಲಿ ಇರುತ್ತಿದ್ದರು. ಒಂದು ಕಂಬಳಿ, ಒಂದು ಜೋಳಿಗೆ. ಐದು ಮನೆ ಭಿಕ್ಷೆ ಬೇಡುವರು, ಆರನೆಯ ಮನೆಯವರು ಹೋಳಿಗೆ ಹಿಡಿದು ಕರೆದರೂ ಹೋಗರು.

ಆ ಓಣಿಯಲ್ಲಿ ಒಬ್ಬ ನೇಕಾರನಿದ್ದ. ರಾಚಪ್ಪ ಅಂತ ಇಟ್ಟುಕೊಳ್ಳಿ. ಹೆಂಡತಿ ದಾನವ್ವ. ಅವನು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುವನು, ಅವಳು ಎದುರಿಗೆ ಕೂತು ರಾಟಿ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುವಳು. ದಿನವೆಲ್ಲ ಮಾತು, ನಗು. ಅವನ ಗೆಳೆಯ ಮಲ್ಕಾಜಪ್ಪ ವಿದ್ಯುತ್ ಮಗ್ಗ ಹಾಕಿದ, ಒಂದು ಎಂಟಾಯಿತು, ಹೆಂಡತಿಗೆ ನಾಲ್ಕೆಳೆ ಬಂಗಾರದ ಬೋರಮಾಳ ಸರ ಬಂತು. ಅಲ್ಲಿಂದ ರಾಚಪ್ಪನ ಕಣ್ಣು ಕೆಟ್ಟಿತು.

“ಅವನ ಹೆಂಡತಿ ನೋಡು, ಹೆಂಗ ನಡೀತಾಳ!” ಅನ್ನುವನು.

“ಸರ ಹಾಕಿದವ ಅಕಿ ಗಂಡ. ನನ್ನ ಬೋಳು ಕೊರಳಿಗೆ ಯಾಕ ಬೈತೀರಿ?” ಅನ್ನುವಳು ದಾನವ್ವ.

ಒಂದು ದಿನ ರಾಚಪ್ಪ ಅವಳ ಮುಂದಿನ ರಾಟಿಯನ್ನು ಎತ್ತಿ ಅಟ್ಟಕ್ಕೆ ಹಾಕಿದ. “ಸಾವ್ಕಾರನ ಹೆಂಡತಿ ನೂಲು ಮುಟ್ಟೂದಿಲ್ಲ. ನೀನೂ ಸುಮ್ಮನ ಕೂಡು” ಎಂದ. ಕೂಲಿಯವಳನ್ನು ತಂದು ಕೂರಿಸಿದ. ದಾನವ್ವ ಒಳಮನೆಯಲ್ಲಿ ಒಬ್ಬಳೇ ಕೂತಳು, ಒಂದು ತಿಂಗಳು. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಎರಡನೆಯ ತಿಂಗಳು ಗಂಟು ಕಟ್ಟಿ ತವರಿಗೆ ಹೋದಳು.

ಇಳಕಲ್ಲಿನ ಕಡೆಯ ಸೀರೆಯ ಬಗ್ಗೆ ಒಂದು ಮಾತು ತಿಳಿದಿರಬೇಕು. ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗೆ ಹಾಸು ಅಂತಾರೆ; ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಎದುರಾಬದುರು ಇಬ್ಬರು ಕೂರಬೇಕು, ಒಬ್ಬರಿಂದ ಆಗದು. ಕೂಲಿಯವಳು ಕೂತಳು, ಎಳೆ ಹರಿಯಿತು. ಮತ್ತೊಬ್ಬನನ್ನು ತಂದ, ಅದೂ ಹರಿಯಿತು. ರಾಚಪ್ಪ ಸಿಟ್ಟಿನಲ್ಲಿ ಅಯ್ಯನವರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತ.

“ನಿಮ್ಮಲ್ಲಿ ಮಹಿಮಾ ಐತಿ ಅಂತಾರ. ಮಲ್ಕಾಜಪ್ಪಗ ಕೊಟ್ಟದ್ದು ನನಗ್ಯಾಕ ಕೊಡಲಿಲ್ಲ?”

ಅಯ್ಯನವರು ಜೋಳಿಗೆ ಗೂಟಕ್ಕೆ ಹಾಕಿ ಎದ್ದರು, ಅವನ ಮನೆಗೆ ನಡೆದರು. ಮಗ್ಗದ ಆಚೆ, ದಾನವ್ವ ಕೂರುವ ಜಾಗದಲ್ಲಿ ಕೂತು ಎಳೆ ಹಿಡಿದರು. ಅವರು ಮುಟ್ಟಿದ ಒಂದು ಎಳೆಯೂ ಹರಿಯಲಿಲ್ಲ. ಮೂರು ಸಾವಿರ ಎಳೆ, ಹೆಚ್ಚು ಬೇಕಾದರೂ ಅನ್ನಿ. ಊಟದ ಹೊತ್ತಿಗೆ ರಾಚಪ್ಪನ ಸಿಟ್ಟು ಇಳಿದು ಕೈ ತಾನಾಗಿ ಹರಿದಾಡತೊಡಗಿತು. ತಲೆ ಎತ್ತದೆ, ಹಳೆಯ ರೂಢಿಯಲ್ಲಿ ಅಂದುಬಿಟ್ಟ:

“ದಾನಿ, ಆ ಎಳಿ ಸಡ್ಲಾತು ನೋಡ. ಹಿಡಿ.”

ಅಂದವನೇ ಕಲ್ಲಾದ. ಎದುರಿಗೆ ಗುರುಗಳು!

ಅಯ್ಯನವರು ಎಳೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. “ಯಾರನ್ನ ಕರೆದಿ, ಅವರನ್ನ ಕರಕೊಂಡು ಬಾ. ಇದು ನನ್ನ ಜಾಗ ಅಲ್ಲ” ಎಂದರು. ಅಷ್ಟೇ. ಹೊರಟುಹೋದರು.

ರಾಚಪ್ಪ ಮೈಮೇಲಿನ ನೂಲಿನ ತುಣುಕನ್ನೂ ಕೊಡವದೆ ನಾಲ್ಕು ಹರದಾರಿ ನಡೆದ. ದಾನವ್ವ ತವರಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

“ಸೆರಗು ಅರ್ಧಕ್ಕ ನಿಂತೈತಿ” ಎಂದ.

“ಸಾವ್ಕಾರ್ತಿಗೆ ನೂಲಿನ ಕೆಲಸ ಹೇಳಾಕ ಬಂದೀರೇನು?”

“ಸಾವ್ಕಾರ ಸತ್ತ. ನೇಕಾರ ಬಂದಾನ.”

ಅವಳು ಮೊರ ಬಿಟ್ಟು ಎದ್ದಳು. ಮರುದಿನ ಮನೆಯಲ್ಲಿ ಇಬ್ಬರೇ, ಬಾಗಿಲು ಮುಂದೆ ಮಾಡಿ, ಎದುರಾಬದುರು ಕೂತರು. ಬಹಳ ಹೊತ್ತಾದ ಮೇಲೆ ಅವಳು ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು: “ನನಗ ಬಂಗಾರ ಬೇಕಾಗಿರಲಿಲ್ಲರಿ. ಸುಳ್ಳು ಖರೆ ಕೂಡಿಸಿ ಊರ ಸುದ್ದಿ ಹೇಳ್ತಿದ್ರೆಲ್ಲ, ಆ ದನಿ ಬೇಕಾಗಿತ್ತು.”

ಇಷ್ಟು ಹೇಳಿ ನಾನು ಗದ್ದುಗೆಗೆ ಕೈ ಮುಗಿದೆ. ಪ್ರಸಾದದ ಅಡುಗೆ ಮಾಡುವ ಕಲ್ಲವ್ವ ಸೌಟು ಹಿಡಿದೇ ನಿಂತು ಕೇಳುತ್ತಿದ್ದಳು.

“ಅಲ್ಲ ಯಜ್ಜಾ,” ಎಂದಳು, “ಮನ್ಯಾಗ ಇಬ್ಬರ ಇದ್ರು ಅಂದಿ, ಬಾಗಿಲಾ ಮುಂದ ಮಾಡಿದ್ರು ಅಂದಿ. ಅಕಿ ಪಿಸುಗುಟ್ಟಿದ್ದು ನಿನಗ ಹೆಂಗ ಕೇಳಿಸ್ತು?”

ಕೂತವರೆಲ್ಲ ನನ್ನ ಮುಖ ನೋಡಿದರು.

ನಾನು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡೆ. “ಕೇಳಿಸಿತ್ತವ್ವ,” ಎಂದೆ. “ಅಕಿ ಹೋಗಿ ಹನ್ನೊಂದು ವರ್ಷಾತು. ಮತ್ತ ಕೇಳಿಸಿಲ್ಲ.”