ದ್ಯಾವಮ್ಮನ ಹಿತ್ತಲ ಸೌತೆಬಳ್ಳಿ

ಬಾ, ಕಾಲು ಕಂಬಳಿ ಒಳಗೆ ಎಳ್ಕೊ. ನೀನು ಹ್ಞೂಂ ಅಂತಿರಬೇಕು, ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲ ಅಂತಿಟ್ಕೊ. ಆಗ ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ಲಂತೆ. ಅವಳಿಗೆ ಒಬ್ಬನೇ ಮಗ, ಸಣ್ಣಯ್ಯ ಅಂತ, ಎತ್ತಿನಗಾಡಿ ಹೊಡ್ಕೊಂಡು ಊರೂರು ತಿರುಗ್ತಿದ್ನಂತೆ. ಸೊಸೆ ಹೆಸರು ಹೊಂಬಾಳೆ, ಆ ವರ್ಷ ತಾನೇ ಮದುವೆಯಾಗಿ ಬಂದವಳು. ಮನೆ ಏನು ದೊಡ್ಡದಲ್ಲ, ಆದರೆ ಮನೆ ಹಿಂದಿನ ಹಿತ್ತಲು ಅಂದ್ರೆ ಹಿತ್ತಲು ಕಣವ್ವ. ಒಂದು ಕಡೆ ಬದನೆ, ಮೆಣಸಿನ ಗಿಡ, ಚಪ್ಪರದ ತುಂಬ ಅವರೆ, ಗೋಡೆ ಮಗ್ಗುಲಿಗೆ ನಿಂಬೆ, ಕರಿಬೇವು, ಬಾವಿ ಹತ್ರ ಮೂರು ಬಾಳೆ. ಎಲ್ಲಾ ದ್ಯಾವಮ್ಮ ತನ್ನ ಕೈಯಾರೆ ಬೆಳೆಸಿದ್ದು. ಆದರೆ ಅವಳು ಯಾರಿಗೂ ಒಂದೆಸಳು ಕರಿಬೇವು ಕೊಟ್ಟೋಳಲ್ಲ. ಕೇಳೋಕೆ ಬಂದೋರಿಗೆ ಇಲ್ಲ ಕಣಮ್ಮ, ಹುಳ ಬಿದ್ದಿದೆ ಅಂತಿದ್ಲಂತೆ, ಹಿಂದೆ ಗಿಡ ಹಸಿರಾಗಿ ನಗ್ತಾ ನಿಂತಿರೋದು ಅವರಿಗೂ ಕಾಣ್ತಿತ್ತಂತೆ.

ದೀಪಾವಳಿ ಕಳೆದ ಮೇಲೆ ಒಂದಿನ ಕಣಿ ಹೇಳೋ ಕೊರವಂಜಿ ಒಬ್ಬಳು ಬುಟ್ಟಿ ಹೊತ್ಕೊಂಡು ಬಂದು, ಬಿಸಿಲಲ್ಲಿ ನಡೆದು ಬಾಯಿ ಒಣಗಿದೆ ತಾಯಿ, ಆ ಬಳ್ಳಿಯಲ್ಲಿರೋ ಸೌತೆಕಾಯಿ ಒಂದು ಕೊಡು ಅಂದ್ಲಂತೆ. ದ್ಯಾವಮ್ಮ, ಅವೆಲ್ಲ ಬೀಜಕ್ಕೆ ಬಿಟ್ಟಿರೋದು, ಮುಂದಿನ ಮನೆ ನೋಡು ಅಂದ್ಲಂತೆ. ಕೊರವಂಜಿ ಬುಟ್ಟಿ ಎತ್ಕೊಂಡು ಹೋದ್ಲಂತೆ. ಅದಾಗಿ ಸ್ವಲ್ಪ ದಿನಕ್ಕೇ ಮಾಗಿ ಚಳಿ ಬಂತು, ಅಂಥಾ ಚಳಿ ಆ ಊರಲ್ಲಿ ಯಾರೂ ಕಂಡಿರಲಿಲ್ವಂತೆ. ಒಂದಿನ ಬೆಳಗಾಗೋ ಹೊತ್ತಿಗೆ ಸೌತೆಬಳ್ಳಿ ಕರ್ರಗೆ ಸುಟ್ಟ ಹಾಗಾಗಿತ್ತಂತೆ, ಬೀಜಕ್ಕೆ ಬಿಟ್ಟ ಕಾಯೆಲ್ಲ ಕೊಳೆತು ನೀರಾಗಿತ್ತಂತೆ. ಆಮೇಲೆ ಅವತ್ತೇ ದ್ಯಾವಮ್ಮ ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟು, ಏನೇ ಇದು, ಸಾರಿಗೆ ಉಪ್ಪೂ ಇಲ್ಲ ಖಾರವೂ ಇಲ್ಲ ಅಂದ್ಲಂತೆ. ಹೊಂಬಾಳೆ ಉಪ್ಪು ಹಾಕಿದ್ಲು, ಇಲ್ಲ. ಮೆಣಸಿನಕಾಯಿ ಜಜ್ಜಿ ಹಾಕಿದ್ಲು, ಇಲ್ಲ. ಬೆಲ್ಲ ಕೊಟ್ರೂ ಮಣ್ಣು, ಹುಣಿಸೆಹಣ್ಣು ಕೊಟ್ರೂ ಮಣ್ಣು. ನಾಲಿಗೇಲಿ ರುಚಿಯೇ ಸತ್ತುಹೋಗಿತ್ತಂತೆ.

ರುಚಿ ಇಲ್ಲದ ಮೇಲೆ ಎಷ್ಟು ದಿನ ತಿಂತಾರೆ? ಮೊದಲು ಅರ್ಧ ಊಟ ಬಿಟ್ಲು, ಆಮೇಲೆ ಪೂರ್ತಿ ಬಿಟ್ಲು, ಗಂಜಿ ನೀರು ಕುಡ್ಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಲಂತೆ. ಹಿತ್ತಲ ಬಾಗಿಲು ತೆಗೆದ್ರೂ ಆ ಕಡೆ ತಿರುಗಿ ನೋಡ್ತಿರಲಿಲ್ವಂತೆ. ಪಂಡಿತರು ಬಂದ್ರು, ಕಷಾಯ ಕೊಟ್ರು, ಅದು ಕಹಿ ಅಂತಲೂ ಅವಳಿಗೆ ಗೊತ್ತಾಗಲಿಲ್ಲ. ಪಂಡಿತರು ಹೊರಗೆ ಬಂದು ಸಣ್ಣಯ್ಯನಿಗೆ, ಹೀಗೇ ಆದ್ರೆ ನಿಮ್ಮಮ್ಮ ಯುಗಾದಿ ನೋಡಲ್ಲಪ್ಪ ಅಂದ್ರಂತೆ.

ಸಂಕ್ರಾಂತಿ ಆಯ್ತು. ಆ ಕೊರವಂಜಿ ತಿರುಗಿ ಆ ದಾರೀಲಿ ಹೋಗೋದನ್ನ ಕಂಡ ಹೊಂಬಾಳೆ ಓಡಿಹೋಗಿ ಅವಳ ಕಾಲು ಹಿಡ್ಕೊಂಡ್ಲಂತೆ. ನಮ್ಮತ್ತೆ ತಪ್ಪು ಮಾಡಿದ್ರು, ನೀನು ಹಾಕಿದ ಶಾಪಾನ ನೀನೇ ತೆಗಿ ಅಂದ್ಲಂತೆ. ಕೊರವಂಜಿ, ನಾನ್ಯಾಕೆ ಏನು ಹಾಕ್ಲಿ ಕಣವ್ವ, ಅವಳ ನಾಲಿಗೆಗೆ ಚಳಿ ಹಿಡಿದಿದೆ ಅಷ್ಟೆ, ನಿಮ್ಮ ಹಿತ್ತಲಲ್ಲಿ ಬೆಳೆದ ಎಳೆಸೌತೆ ತಿಂದ್ರೆ ಬಿಡುತ್ತೆ ಅಂದ್ಲಂತೆ. ಅಷ್ಟೇನಾ ಅಂತ ಹೊಂಬಾಳೆ ಅಂದ್ರೆ, ಅಷ್ಟೇ ಅಲ್ಲ, ಬೀಜ ಕೇಳದೆ ಬಂದಿರಬೇಕು, ಮಣ್ಣು ಗುದ್ದಲಿ ಮುಟ್ಟದ್ದಾಗಿರಬೇಕು, ನೀರು ಕೊಡ ಮುಳುಗದ್ದಾಗಿರಬೇಕು ಅಂತ ಹೇಳಿ, ಬುಟ್ಟಿ ಸರಿ ಮಾಡ್ಕೊಂಡು ಹೊರಟೇಹೋದ್ಲಂತೆ.

ಸಣ್ಣಯ್ಯ, ಬೀಜ ತಾನೇ, ನಾಳೆ ಸಂತೆಯಿಂದ ತರ್ತೀನಿ ಬಿಡು ಅಂದ. ಸಂತೇಲಿ ಕೇಳಿದ್ರೂ ಕೇಳಿದ ಹಾಗೇ ಅಲ್ವಾ ಅಂದ್ಲು ಹೊಂಬಾಳೆ. ಅವನು ತಲೆ ಕೆರ್ಕೊಂಡು ಗಾಡಿ ಕಟ್ಟೋಕೆ ಹೋದ.

ಆಮೇಲೆ ಹೊಂಬಾಳೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತ್ಕೊಂಡ್ಲಂತೆ. ಚಪ್ಪರದ ತುಂಬ ಅವರೆಕಾಯಿ, ಸೊಗಡು ಸುರೀತಿತ್ತು, ಮುಟ್ಟಿದ್ರೆ ಬೆರಳಿಗೆ ಅಂಟೋದು. ತಿನ್ನೋರಿಲ್ಲ, ಇನ್ನು ನಾಲ್ಕು ದಿನ ಬಿಟ್ರೆ ಬಲಿತು ಹಾಳಾಗುತ್ತೆ. ಇದನ್ನ ಹಾಳು ಮಾಡೋ ಬದಲು ಬೀದಿಯವರಿಗಾದರೂ ಕೊಡೋಣ ಅಂತ ಕಿತ್ತು, ಸಣ್ಣ ಬಿದಿರು ಕುಕ್ಕೆಗಳಿಗೆ ತುಂಬಿ, ಮೊದಲು ಗಾಣದ ಮನೆ ಮಾದಮ್ಮನ ಹತ್ರ ಹೋದ್ಲಂತೆ.

ಮಾದಮ್ಮ ಕುಕ್ಕೆ ನೋಡಿದ್ಲು, ಅವಳ ಮುಖ ನೋಡಿದ್ಲು. ನಿಮ್ಮತ್ತೆಗೆ ಗೊತ್ತೇನೇ?

ಗೊತ್ತಿಲ್ಲ ಅತ್ತೆಮ್ಮ, ಅವರು ಮಲಗಿದಾರೆ.

ಹಂಗಾದ್ರೆ ಬೇಗ ಕೊಡು, ಎದ್ದುಗಿದ್ದಾಳು ಅಂದ್ಲಂತೆ ಮಾದಮ್ಮ. ಆಮೇಲೆ ಬರೀ ಕುಕ್ಕೆ ವಾಪಸ್ ಕಳಿಸಬಾರದು ಅಂತ ಅದರೊಳಗೆ ಒಂದು ಹೆಂಟೆ ಎಳ್ಳಿನ ಹಿಂಡಿ ಇಟ್ಲಂತೆ. ಎರಡನೇ ಕುಕ್ಕೆ ಕುಂಬಾರರ ಮನೆಗೆ ಹೋಯ್ತು, ಅವರು ಅದರಲ್ಲಿ ಒಂದು ಪುಟ್ಟ ಮಡಕೆ ಇಟ್ಟು ಕಳಿಸಿದ್ರಂತೆ. ಮೂರನೇದು ಪಕ್ಕದ ಮನೆ ಜವರಮ್ಮಂಗೆ. ಈ ಜವರಮ್ಮನ ಮಗಳು ಬಸುರಿ ಇದ್ದಾಗ ನಿಂಬೆಹಣ್ಣಿಗೆ ಆಸೆಪಟ್ಟಿದ್ಲು, ಕೇಳೋಕೆ ಹೋದ್ರೆ ದ್ಯಾವಮ್ಮ ಇಲ್ಲ ಅಂದಿದ್ಲು. ಅದಕ್ಕೇ ಜವರಮ್ಮ ಕುಕ್ಕೆ ಇಸ್ಕೊಂಡು ಬಾಗಿಲು ಹಾಕ್ಕೊಂಡ್ಲಂತೆ. ಕುಕ್ಕೆ ವಾಪಸ್ಸು ಬರಲೇ ಇಲ್ಲ. ಹೊಂಬಾಳೆ ಅದು ಹೋಯ್ತು ಅಂತಲೇ ಅಂದ್ಕೊಂಡ್ಲು. ಎಷ್ಟೋ ದಿನ ಆದ ಮೇಲೆ ಒಂದು ಬೆಳಿಗ್ಗೆ ಗೋಡೆ ಮೇಲಿಂದ ಒಂದು ಕೈ ಬಂತಂತೆ, ಕೈಯಲ್ಲಿ ಕುಕ್ಕೆ, ಕುಕ್ಕೆ ತಳದಲ್ಲಿ ಬೂದಿ ಹಚ್ಚಿ ಒಣಗಿಸಿದ ಒಂದು ಚಿಟಿಕೆ ಸೌತೆಬೀಜ. ನಿಮ್ಮ ಬಳ್ಳಿ ಚಳಿಗೆ ಹೋಯ್ತಂತಲ್ಲ ಅಂದ್ಲು ಜವರಮ್ಮ. ನಿಮ್ಮತ್ತೆಗಲ್ಲ ಇದು, ನಿನಗೆ.

ಹೊಂಬಾಳೆಗೆ ಅಳು ಬಂತಂತೆ, ಆದರೆ ಅಳ್ತಾ ನಿಲ್ಲೋಕೆ ಪುರುಸೊತ್ತಿರಲಿಲ್ಲ. ಬೀಜ ಬಂತು, ಮಣ್ಣೆಲ್ಲಿ? ಹಿತ್ತಲಲ್ಲಿ ಗುದ್ದಲಿ ತಾಕದ ಒಂದು ಗೇಣು ಜಾಗ ಇರಲಿಲ್ವಲ್ಲ. ಹುಡುಕ್ತಾ ಹುಡುಕ್ತಾ ಗೋಡೆ ಬುಡಕ್ಕೆ ಬಂದ್ರೆ, ಅಲ್ಲೊಂದು ಹೆಗ್ಗಣದ ಬಿಲ. ದ್ಯಾವಮ್ಮ ಚೆನ್ನಾಗಿದ್ದಾಗ ಆ ಹೆಗ್ಗಣಕ್ಕೆ ದಿನಾ ಶಾಪ ಹಾಕೋಳು. ಬಿಲದ ಬಾಯಲ್ಲಿ ಅದು ಒಳಗಿಂದ ತೋಡಿ ಹಾಕಿದ ಮಣ್ಣಿನ ಗುಡ್ಡೆ, ಜರಡಿ ಹಿಡಿದ ಹಾಗೆ ನುಣ್ಣಗಿತ್ತಂತೆ. ಹೊಂಬಾಳೆ ಬೊಗಸೇಲಿ ಬಾಚಿ ಒಂದು ದೊಡ್ಡ ಒಡಕು ಮಣ್ಣಿನ ಗುಡಾಣಕ್ಕೆ ತುಂಬಿದ್ಲು. ಸಾಲಲಿಲ್ಲ. ಮಾರನೇ ಬೆಳಿಗ್ಗೆ ನೋಡಿದ್ರೆ ಇನ್ನೊಂದು ಗುಡ್ಡೆ. ಹಾಗೇ ಗುಡಾಣ ತುಂಬ್ತು, ಮಾದಮ್ಮ ಕೊಟ್ಟ ಹಿಂಡೀನ ಪುಡಿ ಮಾಡಿ ಬೆರೆಸಿದ್ಲು. ಇಲ್ಲ, ಹೆಗ್ಗಣ ಕಚ್ಚಲಿಲ್ಲ. ಅದು ಹಗಲು ಮಲಗಿರುತ್ತೆ.

ಇನ್ನು ಕೊಡ ಮುಳುಗದ ನೀರು. ಬಾವಿ ನೀರಾಗಲ್ಲ, ಕೆರೆ ನೀರಾಗಲ್ಲ. ಆದರೆ ಬೆಳಗಿನ ಜಾವ ಹುಲ್ಲಿನ ಮೇಲೆ, ಅವರೆ ಎಲೆ ಮೇಲೆ ಇಬ್ಬನಿ ಸುರಿದಿರ್ತಿತ್ತಲ್ಲ. ಹೊಂಬಾಳೆ ತನ್ನ ಹಳೇ ಸೀರೆ ತಂದು ಅದರ ಮೇಲೆ ಹಾಸೋಳು, ನೆನೆದ ಮೇಲೆ ಕುಂಬಾರರು ಕೊಟ್ಟ ಮಡಕೆಗೆ ಹಿಂಡೋಳು. ಚಳಿಗೆ ಕೈ ಒಡೆದು ರಕ್ತ ಬರೋದಂತೆ. ಹಾಗೆ ಹಿಂಡಿ ಹಿಂಡಿ ನೀರು ಮಾಡಿ, ಅರ್ಧ ಬೀಜ ನೆಟ್ಟು ಕಾಯ್ತಾ ಕೂತ್ಲು.

ಬೀಜ ಮೇಲೇಳಲಿಲ್ಲ ಕಣವ್ವ. ಚಳಿ ಅಲ್ವಾ, ಮಣ್ಣೊಳಗೇ ಕೊಳೆತುಹೋಯ್ತು. ಚಳಿ ಹೋಗೋತನಕ ಕಾಯೋಣ ಅಂದ್ರೆ, ಚಳಿ ಹೋದ್ರೆ ಇಬ್ಬನಿಯೂ ಹೋಗುತ್ತೆ, ನೀರೆಲ್ಲಿಂದ ತರೋದು? ನೀರಿದ್ದಾಗ ಮೊಳಕೆಯಿಲ್ಲ, ಮೊಳಕೆ ಬರೋ ಹೊತ್ತಿಗೆ ನೀರಿಲ್ಲ. ಹೊಂಬಾಳೆ ಒಲೆ ಮುಂದೆ ಕೂತು ಯೋಚನೆ ಮಾಡಿದ್ಲು. ಆಮೇಲೆ ಉಳಿದ ಬೀಜಾನ ಇಬ್ಬನಿಗೆ ಒದ್ದೆಯಾದ ಬಟ್ಟೇಲಿ ಕಟ್ಟಿ ಆ ಒಲೆ ಮಗ್ಗುಲಲ್ಲೇ ಬೆಚ್ಚಗೆ ಇಟ್ಲಂತೆ. ಅಲ್ಲಿ ಮೊಳಕೆ ಬಂತು! ಅದನ್ನ ತಂದು ಗುಡಾಣದಲ್ಲಿಟ್ಲು, ರಾತ್ರಿ ಮೇಲೆ ಬಿದಿರು ಮಂಕರಿ ಮುಚ್ಚೋಳು, ಹಗಲು ತೆಗೆಯೋಳು. ಎರಡು ಎಲೆ ಬಿಡ್ತು, ಆಮೇಲೆ ಬಳ್ಳಿ ತಲೆ ಎತ್ತಿ ಹಿಡ್ಕೊಳ್ಳೋಕೆ ಏನಿದೆ ಅಂತ ನೋಡ್ತು.

ಶಿವರಾತ್ರಿ ಕಳೀತು. ಗಾಳಿ ತಿರುಗ್ತು. ಹೊಂಗೆ ಮರ ಚಿಗುರ್ತು, ಬೇವು ಚಿಗುರ್ತು, ಬೆಳಿಗ್ಗೆ ಎದ್ದು ಸೀರೆ ಹಾಸಿದ್ರೆ ಹಾಸಿದ ಹಾಗೇ ಒಣಗಿರೋದು. ಮಡಕೇಲಿ ಕೂಡಿಟ್ಟ ನೀರೂ ಮುಗೀತು. ಮಧ್ಯಾಹ್ನದ ಬಿಸಿಲಿಗೆ ಬಳ್ಳಿ ಎಲೆ ಜೋತು ಬಿತ್ತಂತೆ. ಸಣ್ಣಯ್ಯ ಗಾಡಿ ಇಳಿದು ಬಂದು ನೋಡಿ, ಒಂದು ಕೊಡ ಬಾವಿಯಿಂದ ಸೇದಿ ಹಾಕೇ, ಯಾರು ನೋಡೋಕೆ ಬರ್ತಾರೆ ಅಂದ. ಹೊಂಬಾಳೆ ಹಗ್ಗಕ್ಕೆ ಕೈ ಹಾಕಿದ್ಲಂತೆ, ಸುಳ್ಳು ಯಾಕೆ ಹೇಳ್ಲಿ. ಹಾಕಿ, ಬಿಟ್ಟುಬಿಟ್ಲು.

ಆಗ ಒಂದು ಅಳಿಲು ಬಾಳೆ ಬುಡಕ್ಕೆ ಹೋಗಿ ತಲೆ ಬಗ್ಗಿಸಿ ಏನೋ ಕುಡೀತಾ ಇರೋದು ಕಾಣಿಸ್ತಂತೆ. ಹತ್ರ ಹೋಗಿ ನೋಡಿದ್ರೆ ಹಿಂದಿನ ದಿನ ಎಲೆಗೆ ಅಂತ ಕಡಿದ ಕಂದಿನ, ಅಂದ್ರೆ ಬಾಳೆ ಮರಿಯ, ಬುಡದಲ್ಲಿ ನೀರು ಒಸರಿ ನಿಂತಿದೆ. ಅದು ಕಂದು, ಬೆರಳು ಅದ್ದೋವಷ್ಟೇ. ದೊಡ್ಡ ಬಾಳೆ ಕಡಿದ್ರೆ? ಹೊಂಬಾಳೆ ಕತ್ತಿ ತಂದು ಒಂದು ಬಾಳೆ ಕಡಿದು ಬುಡದ ನಡುವೆ ಗುಳಿ ಮಾಡಿದ್ಲು. ಬೆಳಗಾಗೋ ಹೊತ್ತಿಗೆ ಗುಳಿ ತುಂಬ ನೀರು. ಅದು ಕೆಲವು ದಿನ ಬಂತು, ಆಮೇಲೆ ನಿಂತುಹೋಯ್ತು. ಎರಡನೇದು ಆಗ ತಾನೇ ಹೂ ಬಿಟ್ಟಿತ್ತು, ಹೊಟ್ಟೆ ಉರ್ಕೊಂಡೇ ಅದನ್ನೂ ಕಡಿದ್ಲು. ಅದೂ ಬತ್ತಿಹೋಯ್ತು. ಬಳ್ಳಿ ಈಗ ಚಪ್ಪರ ಹತ್ತಿತ್ತು, ಮೊಗ್ಗು ಬಿಟ್ಟಿತ್ತು. ಉಳಿದದ್ದು ಮೂರನೇ ಬಾಳೆ, ಅದರಲ್ಲಿ ಮೊಣಕಾಲುದ್ದದ ಗೊನೆ. ಅದು ದ್ಯಾವಮ್ಮನ ಕಣ್ಣು. ಅದನ್ನ ಕೇಳದೆ ಮುಟ್ಟೋಕೆ ಹೊಂಬಾಳೆಗೆ ಧೈರ್ಯ ಬರಲಿಲ್ಲ, ಒಳಗೆ ಹೋಗಿ ಅತ್ತೆ ಪಕ್ಕದಲ್ಲಿ ಕೂತು ಎಲ್ಲಾ ಹೇಳಿಬಿಟ್ಲಂತೆ, ಅವರೆಕಾಯಿ ಹಂಚಿದ್ದೂ ಹೇಳಿದ್ಲು.

ದ್ಯಾವಮ್ಮ ಗೋಡೆ ಕಡೆಗೇ ಮುಖ ಮಾಡಿದ್ಲು. ಬೀಜ ಯಾರು ಕೊಟ್ಟಿದ್ದು ಅಂದೆ? ಅಂದ್ಲಂತೆ.

ಜವರಮ್ಮ, ಅತ್ತೆ.

ಅವಳಾ?

ಹ್ಞೂಂ ಅತ್ತೆ.

ಕಡಿ ಅಂದ್ಲಂತೆ ದ್ಯಾವಮ್ಮ ಕೊನೆಗೆ. ಗೊನೆ ಏನು ಮಾಡ್ಲಿ ಅಂತ ಸೊಸೆ ಕೇಳಿದ್ಲು. ಎಳೆಗಾಯಿ, ಹಣ್ಣಾಗಲ್ಲ, ಪಲ್ಯಕ್ಕಾಗುತ್ತೆ, ಚಿಪ್ಪು ಬಿಡಿಸಿ ಬೀದಿಗೆ ಹಂಚಿಬಿಡು. ದೊಡ್ಡ ಚಿಪ್ಪು ಅವಳಿಗೆ ಕೊಡು. ಯಾರಿಗೆ ಅಂತ ದ್ಯಾವಮ್ಮ ಹೇಳಲಿಲ್ಲ, ಹೊಂಬಾಳೆ ಕೇಳಲೂ ಇಲ್ಲ.

ಬಾಳೆ ಕಡಿದ್ರು, ನೀರು ಬಂತು, ಬಳ್ಳಿ ತುಂಬ ಹಳದಿ ಹೂ. ಆದರೆ ಹೂವೆಲ್ಲ ಒಂದೊಂದೇ ಉದುರೋಕೆ ಶುರುವಾಯ್ತು. ಹೊಂಬಾಳೆ ಉದುರಿದ ಹೂ ಮಡಿಲಲ್ಲಿ ತುಂಬ್ಕೊಂಡು ಅಳ್ತಾ ಒಳಗೆ ಬಂದ್ಲಂತೆ. ದ್ಯಾವಮ್ಮ ಕತ್ತು ತಿರುಗಿಸಿ ಒಂದು ಹೂ ಕೈಗೆ ತಗೊಂಡು ನೋಡಿ, ಅಯ್ಯೋ ಪೆದ್ದೀ, ಇದು ಗಂಡು ಹೂವು ಕಣೇ, ಇದು ಉದುರೋದೇ, ಹಿಂದುಗಡೆ ಬೆರಳ ತುದಿಯಷ್ಟು ಕಾಯಿ ಇರೋದು ಹೆಣ್ಣು, ಅದು ಬಂದಿದೆಯಾ ನೋಡು ಅಂದ್ಲಂತೆ. ಹೊಂಬಾಳೆಗೆ ಗೊತ್ತಾಗಲಿಲ್ಲ. ನಿನಗೆ ಗೊತ್ತಾಗಲ್ಲ ಬಿಡು, ನನ್ನ ಕೈ ಹಿಡಿ ಅಂತ ದ್ಯಾವಮ್ಮ ಎದ್ದು ಕೂತ್ಲು, ಆಮೇಲೆ ಗೋಡೆ ಹಿಡ್ಕೊಂಡು ನಿಂತ್ಲು, ಸಂಕ್ರಾಂತಿಗೂ ಮುಂಚಿನಿಂದ ದಾಟದ ಹಿತ್ತಲ ಹೊಸಿಲು ದಾಟಿ, ಎಲೆ ಸರಿಸಿ ಸರಿಸಿ ನೋಡಿದ್ಲು. ಅಗೋ ಅಂತ ತೋರಿಸಿದ್ಲಂತೆ. ಎಲೆ ಮರೇಲಿ ಒಂದೇ ಒಂದು ಪೀಚುಗಾಯಿ, ಮೈ ತುಂಬ ಮುಳ್ಳು ಮುಳ್ಳು.

ಯುಗಾದಿ ಹಿಂದಿನ ದಿನ ಅದು ಎಳೆಸೌತೆ ಆಗಿತ್ತು. ಸಣ್ಣಯ್ಯ ಗಾಡಿ ಕಟ್ಟದೆ ಮನೇಲೇ ನಿಂತ, ಜವರಮ್ಮ ಗೋಡೆ ಮೇಲಿಂದ ಇಣುಕಿದ್ಲು, ಮಾದಮ್ಮ ಬಂದ್ಲು. ಹೊಂಬಾಳೆ ಕಾಯಿ ಕಿತ್ತು ಸೆರಗಲ್ಲಿ ಒರೆಸಿ ಅತ್ತೆ ಕೈಗೆ ಕೊಟ್ಲಂತೆ. ದ್ಯಾವಮ್ಮ ತೊಟ್ಟಿನ ಕಡೆಯಿಂದಲೇ ಕರುಂ ಅಂತ ಕಚ್ಚಿದ್ಲು. ಅಗಿದ್ಲು. ದ್ಯಾವಮ್ಮ ಮುಖ ಕಿವುಚಿ ಥೂ ಅಂತ ಉಗಿದು, ಕಹಿ! ಕಹಿ ವಿಷ ಕಣೇ ಇದು! ಅಂತ ಕಿರುಚಿದ್ಲಂತೆ.

ಹೊಂಬಾಳೆ ಅತ್ತೆ ಕೈಯಿಂದ ಕಾಯಿ ಕಿತ್ಕೊಳ್ಳೋಕೆ ಹೋದ್ಲು. ಆಮೇಲೆ ಜವರಮ್ಮಂಗೇ ಮೊದಲು ಹೊಳೀತು. ಕಹಿ ಅಂದ್ಲು ಕಣ್ರೇ! ಅವಳಿಗೆ ಗೊತ್ತಾಯ್ತು ಕಣ್ರೇ! ಅಂತ ಗೋಡೆ ಮೇಲಿಂದ ಕೂಗಿದ್ಲು. ದ್ಯಾವಮ್ಮ ಕೈಯಲ್ಲಿದ್ದ ಕಾಯಿ ನೋಡಿದ್ಲು, ಕಹಿ ತೊಟ್ಟು ಮುರಿದು ಎಸೆದ್ಲು, ಇನ್ನೊಂದು ಸಲ ಕಚ್ಚಿದ್ಲು. ಸಣ್ಣಯ್ಯ ಏನಮ್ಮ, ಹೇಗಿದೆ ಅಂದ. ಬಾಯಿ ತುಂಬ ಇಟ್ಕೊಂಡು ಅವಳು, ಉಪ್ಪು ತಗೊಂಬಾರೋ ಅಂದ್ಲಂತೆ.

ಆ ಬಳ್ಳಿ ಆಮೇಲೆ ಬೇಸಿಗೆ ಪೂರ್ತಿ ಕಾಯಿ ಬಿಡ್ತು. ದ್ಯಾವಮ್ಮ ಏನು ದೇವತೆ ಆಗಿಬಿಡಲಿಲ್ಲ ಮತ್ತೆ. ಕೇಳೋಕೆ ಬಂದೋರಿಗೆಲ್ಲ ಬೈಯೋಳು, ಹಾಗೆ ಕೀಳಬೇಡ, ಬಳ್ಳಿ ಎಳೀಬೇಡ, ನಿನ್ನ ಕೈ ಸುಡ ಅಂತಿದ್ಲು, ಬೈತಾ ಬೈತಾನೇ ಮಡಿಲು ತುಂಬ ಹಾಕಿ ಕಳಿಸೋಳಂತೆ. ಜವರಮ್ಮನ ಮೊಮ್ಮಗುವಿಗೆ ಒಂದು ಸಲ ನಿಂಬೆಹಣ್ಣು ತಾನೇ ತಗೊಂಡು ಹೋಗಿ ಕೊಟ್ಟು ಬಂದ್ಲಂತೆ. ಅತ್ತೆ ಸೊಸೆ ಇಬ್ಬರೂ ಸಂಜೆ ಹೊತ್ತು ಹಿತ್ತಲಲ್ಲಿ ಕೂತು ಯಾವ ಬೀಜ ಎಲ್ಲಿ ಹಾಕೋದು ಅಂತ ಜಗಳ ಆಡೋರಂತೆ, ಬೀದಿಯವರಿಗೆಲ್ಲ ಕೇಳಿಸೋದಂತೆ. ಹಾಗೇ ಸುಖವಾಗಿದ್ರು.

ಹ್ಞೂಂ ಅನ್ನೋದು ಆಗಲೇ ನಿಲ್ಲಿಸಿದೀಯ. ಮಲ್ಕೋ ಹಾಗಾದ್ರೆ, ನನ್ನ ಕತೆನೂ ಇಲ್ಲಿಗೆ ಮುಗೀತು.