ಎಲೆ ಹಾಕಿದ ಜಾಗ

ಹಾಸ್ಟೆಲ್ಲಿನ ಊಟದ ಮನೆಯ ತಾರಸಿ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಮಕ್ಕಳು ದಿನಾ ಉಣ್ಣುತ್ತಿದ್ದರು. ಅಡುಗೆಯ ಓಬಯ್ಯ ಹೇಳಿ ಹೇಳಿ ಸೋತ ಮೇಲೆ, ತಾರಸಿ ತಪಾಸಣೆಗೆ ಇಂಜಿನಿಯರ್ ಸಾಹೇಬರು ಬಂದರು. ಓಬಯ್ಯ ಬೆಳಿಗ್ಗೆಯೇ ಗೋಡೆಗೆ ಏಣಿ ಒರಗಿಸಿಟ್ಟಿದ್ದ. ಸಾಹೇಬರು ಅದರ ಹತ್ತಿರಕ್ಕೂ ಹೋಗಲಿಲ್ಲ. ಅಂಗಳದ ಬೇವಿನ ನೆರಳಲ್ಲೇ ನಿಂತು ಒಮ್ಮೆ ಕತ್ತೆತ್ತಿದರು.

"ಭದ್ರವಾಗಿದೆ. ಹಾಗೇ ಬರೆದು ಕಳಿಸ್ತೀನಿ. ಊಟಕ್ಕೆ ಏನಯ್ಯ?"

"ಮುದ್ದೆ, ಹುರುಳಿ ಸಾರು, ಸಾಹೇಬ್ರೇ."

ಓಬಯ್ಯ ಒಳಗೆ ಹೋಗಿ ಬಿರುಕಿನ ನೇರ ಕೆಳಗೆ ಎಲೆ ಹಾಕಿ, ಮುದ್ದೆ ಬಡಿಸಿ ಕರೆದ.

ಹಸಿದಿದ್ದ ಸಾಹೇಬರು ತಲೆ ಬಗ್ಗಿಸಿ ಕೂತರು. ಮೊದಲ ತುತ್ತಿಗೇ ಎಲೆಯ ಅಂಚಿಗೆ ಗಾರೆಯ ಚೂರು ಬಿತ್ತು. ಮೇಲೆ ನೋಡಿದರೆ ತುಕ್ಕು ತಿಂದ ಕಂಬಿ.

"ಎಲೆ ಆಚೆ ಜಗಲಿಗೆ ಹಾಕೋ."

"ಬಡಿಸಿದ ಎಲೆ ಬಿಟ್ಟು ಏಳಬಾರದು ಸಾಹೇಬ್ರೇ. ಭದ್ರ ಐತೆ ಅಂದ್ರಲ್ಲ, ಉಣ್ಣಿ. ಸಾರು ತರ್ತೀನಿ."

ಮಂಡಿನೋವಿನ ಓಬಯ್ಯ ಅಡುಗೆಮನೆಗೆ ಮೆಲ್ಲಗೆ ಹೋದ, ಮೆಲ್ಲಗೆ ಬಂದ. ಸಾರಿಗೊಮ್ಮೆ, ಅನ್ನಕ್ಕೊಮ್ಮೆ, ಮಜ್ಜಿಗೆಗೊಮ್ಮೆ. ಅಷ್ಟು ಹೊತ್ತೂ ಸಾಹೇಬರ ಕೈ ಎಲೆಯಲ್ಲಿ, ಕಣ್ಣು ತಾರಸಿಯಲ್ಲಿ. ಒಂದು ಬಿರುಕೂ ಬಿಡದೆ ನೋಡಿದರು.

ಕೈ ತೊಳೆದು ಬಂದು ಕೇಳಿದರು, "ಆ ಏಣಿ ಗಟ್ಟಿ ಇದೆಯೇನಯ್ಯ?"

"ಗಟ್ಟಿ ಐತೆ, ಹತ್ತಿ. ನಾನು ಹಿಡ್ಕೊಂಡಿರ್ತೀನಿ. ಮಕ್ಕಳು ಊಟಕ್ಕೆ ಬರೋ ಹೊತ್ತಾಯ್ತು, ಎಲ್ಲಿ ಕೂರಿಸ್ಲಿ?"

ಸಾಹೇಬರು ಏಣಿಯ ಮೇಲಿಂದಲೇ ಬೇವಿನ ಮರ ತೋರಿಸಿದರು.

"ಅಲ್ಲಿ ಕೂರಿಸು. ಭದ್ರವಾಗಿರೋದು ಅದೊಂದೇ."